ಇಪ್ಪತ್ತೆರಡನೆಯ ದಿನದ ಲೆಕ್ಕ

ಕೋಳಿಯನ್ನು ಕಾವಿಗೆ ಕೂರಿಸಿ ಮರಿ ಮಾಡಿಸುವುದು ಮೇಲೋ, ಇನ್‌ಕ್ಯುಬೇಟರ್‌ನಲ್ಲಿ ಮರಿ ಮಾಡಿಸುವುದು ಮೇಲೋ ಎಂಬ ಮಾತು ಬಂದಾಗಲೆಲ್ಲ ಲೆಕ್ಕ ಇಪ್ಪತ್ತೊಂದನೆಯ ದಿನಕ್ಕೆ ಬಂದು ನಿಂತುಬಿಡುತ್ತದೆ. ಎಷ್ಟು ಮೊಟ್ಟೆ ಇಟ್ಟಿರಿ, ಎಷ್ಟು ಒಡೆದವು, ನೂರಕ್ಕೆ ಎಷ್ಟು ಬಿತ್ತು? ಹೀಗೆ ಕೇಳಿದರೆ ಯಂತ್ರವೇ ಗೆಲ್ಲುತ್ತದೆ. ಒಂದು ಹೇಂಟೆಯ ಹೊಟ್ಟೆಯಡಿ ಹತ್ತು ಹದಿನೈದು ಮೊಟ್ಟೆ ಹಿಡಿದರೆ ಹೆಚ್ಚು. ದೊಡ್ಡ ಹ್ಯಾಚರಿಯ ಒಂದೇ ಯಂತ್ರದೊಳಗೆ ಲಕ್ಷಕ್ಕೂ ಮಿಕ್ಕಿ ಮೊಟ್ಟೆ ಕೂರುತ್ತವೆ. ಆದರೆ ಹಿತ್ತಲಲ್ಲಿ ಐದಾರು ಕೋಳಿ ಸಾಕಿಕೊಂಡಿರುವ ಹೆಂಗಸಿಗೆ ಬೇಕಾದದ್ದು ಮೊಟ್ಟೆಯೊಡೆದ ದಿನದ ಎಣಿಕೆಯಲ್ಲ. ಮೂರು ತಿಂಗಳು ಕಳೆದ ಮೇಲೆ ಎಷ್ಟು ಕೋಳಿ ಅಂಗಳದಲ್ಲಿ ಕೆದಕುತ್ತಿವೆ, ಅವುಗಳಲ್ಲಿ ಎಷ್ಟು ಮತ್ತೆ ತಾವೇ ಮರಿ ಮಾಡಬಲ್ಲವು ಎಂಬುದು ಅವಳ ಲೆಕ್ಕ. ಆ ಲೆಕ್ಕ ಹಿಡಿದು ನೋಡಿದರೆ, ಕಾವಿಗೆ ಕೂರುವ ಗುಣವನ್ನು ನಾವು ನಮ್ಮ ಹಳ್ಳಿಯ ಕೋಳಿಗಳಿಂದ ಕಳೆಯುತ್ತಿರುವುದು ದೊಡ್ಡ ನಷ್ಟ. ಸರ್ಕಾರದ ಹಿತ್ತಲ ಕೋಳಿ ಯೋಜನೆಗಳು ಈ ಗುಣವನ್ನು ದೋಷವೆಂದು ಕಾಣುವುದನ್ನು ಬಿಟ್ಟು, ಉಳಿಸಿ ಬೆಳೆಸಬೇಕಾದ ಸ್ವತ್ತೆಂದು ಕಾಣಬೇಕು ಎಂಬುದು ನನ್ನ ವಾದ.

ಮೊದಲು ಹೇಂಟೆ ಮಾಡುವ ಕೆಲಸವನ್ನು ನೋಡೋಣ. ನಾಟಿ ಕೋಳಿ ಹನ್ನೆರಡು ಹದಿನೈದು ಮೊಟ್ಟೆ ಇಟ್ಟ ಮೇಲೆ ಒಂದು ದಿನ ಗೂಡು ಬಿಟ್ಟು ಏಳುವುದಿಲ್ಲ. ಹತ್ತಿರ ಕೈ ಚಾಚಿದರೆ ಗರಿ ಕೆದರಿ ಗುರುಗುಡುತ್ತದೆ, ಕುಕ್ಕುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸುರಿಸುವುದರಿಂದ ಆಗುವ ಬದಲಾವಣೆ ಇದು. ಹಾಲೂಡುವ ತಾಯಂದಿರ ಮೈಯಲ್ಲಿ ಹಾಲು ಬರಿಸುವುದೂ ಇದೇ ಹೆಸರಿನ ಹಾರ್ಮೋನು. ಅದು ಏರಿದೊಡನೆ ಅಂಡಾಶಯ ಕುಗ್ಗುತ್ತದೆ, ಮೊಟ್ಟೆ ಇಡುವುದು ನಿಲ್ಲುತ್ತದೆ, ಹೊಟ್ಟೆಯ ಕೆಳಭಾಗದ ಗರಿ ಉದುರಿ ಬರಿ ಚರ್ಮ ಮೊಟ್ಟೆಗೆ ತಾಗುತ್ತದೆ. ಅಲ್ಲಿಂದ ಮುಂದೆ ಇಪ್ಪತ್ತೊಂದು ದಿನ ಅದರ ಬದುಕೆಲ್ಲ ಆ ಬುಟ್ಟಿಯಲ್ಲಿ. ದಿನಕ್ಕೊಮ್ಮೆ ಒಂದಿಷ್ಟು ಹೊತ್ತು ಎದ್ದು ನಾಲ್ಕು ಕಾಳು ತಿಂದು, ನೀರು ಕುಡಿದು, ದೊಡ್ಡ ಹಿಕ್ಕೆ ಹಾಕಿ, ಮಣ್ಣಿನಲ್ಲಿ ಮೈ ಹೊರಳಿಸಿ ಮರಳುತ್ತದೆ. ಉಳಿದ ಹೊತ್ತೆಲ್ಲ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತ, ಅಂಚಿನಲ್ಲಿದ್ದುದನ್ನು ನಡುವಿಗೆ, ನಡುವಿನದನ್ನು ಅಂಚಿಗೆ ತಳ್ಳುತ್ತ ಕೂತಿರುತ್ತದೆ. ಹೊರಳಿಸದೆ ಬಿಟ್ಟರೆ ಒಳಗಿನ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ಇದನ್ನು ಕೋಳಿಗೆ ಯಾರೂ ಹೇಳಿಕೊಟ್ಟಿಲ್ಲ. ಮೊದಲ ಸಲ ಕಾವಿಗೆ ಕೂತ ಎಳೆ ಹೇಂಟೆಯೂ ಇದನ್ನು ಮಾಡುತ್ತದೆ.

ಯಂತ್ರ ಮಾಡುವುದೂ ಇದನ್ನೇ. ಗಾಳಿ ಬೀಸುವ ಫ್ಯಾನ್ ಇರುವ ಇನ್‌ಕ್ಯುಬೇಟರ್‌ನಲ್ಲಿ ಶಾಖ ಸುಮಾರು 37.5 ಡಿಗ್ರಿ ಸೆಲ್ಸಿಯಸ್, ತೇವ ಮೊದಲ ಹದಿನೆಂಟು ದಿನ ಶೇಕಡ 50ರಿಂದ 60, ಕೊನೆಯ ಮೂರು ದಿನ ಇನ್ನೂ ಹೆಚ್ಚು. ಗಂಟೆಗೊಮ್ಮೆ ತಟ್ಟೆಗಳು ಓರೆಯಾಗಿ ಮೊಟ್ಟೆ ಹೊರಳುತ್ತದೆ. ಹದಿನೆಂಟನೆಯ ದಿನ ಹೊರಳಿಸುವುದು ನಿಲ್ಲಿಸಿ ಮೊಟ್ಟೆಗಳನ್ನು ಮರಿ ಒಡೆಯುವ ಪೆಟ್ಟಿಗೆಗೆ ಸಾಗಿಸುತ್ತಾರೆ. ಅಷ್ಟು ಹೊತ್ತಿಗೆ ಮೊಟ್ಟೆ ತನ್ನ ತೂಕದ ನೂರಕ್ಕೆ ಹನ್ನೆರಡರಷ್ಟು ನೀರನ್ನು ಕಳೆದುಕೊಂಡಿರಬೇಕು. ಇಲ್ಲವಾದರೆ ಮೊಂಡು ತುದಿಯ ಗಾಳಿಗೂಡು ಸಾಕಷ್ಟು ದೊಡ್ಡದಾಗದೆ ಮರಿ ಉಸಿರು ಕಟ್ಟಿ ಸಾಯುತ್ತದೆ. ದೊಡ್ಡ ಹ್ಯಾಚರಿಗಳಲ್ಲಿ ಎರಡನೆಯ ವಾರ ದಾಟಿದ ಮೇಲೆ ಯಂತ್ರದ ಕೆಲಸ ಬಿಸಿ ಮಾಡುವುದಕ್ಕಿಂತ ತಣಿಸುವುದೇ ಹೆಚ್ಚು, ಏಕೆಂದರೆ ಬೆಳೆದ ಭ್ರೂಣಗಳೇ ಶಾಖ ಹೊರಸೂಸುತ್ತವೆ. ಇಷ್ಟೆಲ್ಲವನ್ನೂ ಅಳೆದು, ತಿದ್ದಿ, ಲಕ್ಷ ಮೊಟ್ಟೆಗಳಿಗೆ ಒಂದೇ ಹದದಲ್ಲಿ ಒದಗಿಸುವುದು ದೊಡ್ಡ ವಿದ್ಯೆ. ಅದನ್ನು ನಾನು ಹಗುರವಾಗಿ ಕಾಣುವವನಲ್ಲ.

ಈ ವಿದ್ಯೆ ಇವತ್ತಿನದೂ ಅಲ್ಲ. ಈಜಿಪ್ಟಿನಲ್ಲಿ ಮೊಟ್ಟೆಗಳನ್ನು ಗೊಬ್ಬರದ ರಾಶಿಯಲ್ಲಿ ಹುಗಿದು ಮರಿ ಮಾಡಿಸುತ್ತಾರೆ ಎಂದು ಅರಿಸ್ಟಾಟಲ್ ಬರೆದಿದ್ದಾನೆ. ಅಲ್ಲಿನ ಹಸಿ ಇಟ್ಟಿಗೆಯ ಒಲೆಮನೆಗಳು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಡೆದುಬಂದವು. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಅಲ್ಲಿನ ಕೆಲಸಗಾರರು ಮೊಟ್ಟೆಯನ್ನು ಕಣ್ಣುರೆಪ್ಪೆಗೆ ತಾಗಿಸಿ ಶಾಖದ ಹದ ತಿಳಿಯುತ್ತಿದ್ದರು. ರೆಪ್ಪೆಯ ಚರ್ಮ ತೀರ ತೆಳು, ಒಂದು ಚೂರು ಹೆಚ್ಚು ಕಡಿಮೆಯಾದರೂ ಅದಕ್ಕೆ ಗೊತ್ತಾಗುತ್ತದೆ. ಫ್ರಾನ್ಸಿನ ವಿಜ್ಞಾನಿ ರೆಯೊಮ್ಯೂರ್ ಈ ಗುಟ್ಟಿನ ಬೆನ್ನು ಹತ್ತಿ, ತಾನೇ ರೂಪಿಸಿದ ಥರ್ಮಾಮೀಟರ್ ಬಳಸಿ ಪ್ರಯೋಗ ಮಾಡಿ 1749ರಲ್ಲಿ ಒಂದು ಪುಸ್ತಕ ಬರೆದ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಅವನ ಕಾವುಪೆಟ್ಟಿಗೆಗಿಂತ ಅದರ ಪಕ್ಕದಲ್ಲೇ ಅವನು ಮಾಡಿಸಿದ ಇನ್ನೊಂದು ಪೆಟ್ಟಿಗೆ. ಒಡೆದ ಮರಿಗಳು ಒಳಹೊಕ್ಕು ಬೆಚ್ಚಗೆ ಒತ್ತಿಕೊಳ್ಳಲೆಂದು ಕುರಿಯ ತುಪ್ಪಟದ ಚರ್ಮವನ್ನು ಒಳಗೆ ಹೊದೆಸಿದ ಪೆಟ್ಟಿಗೆ ಅದು. ಅದನ್ನು ಅವನು ಕೃತಕ ತಾಯಿ ಎಂದು ಕರೆದ. ಮೊಟ್ಟೆ ಒಡೆಸಿದರೆ ಕೆಲಸ ಅರ್ಧವಷ್ಟೇ ಮುಗಿಯಿತು ಎಂಬುದು ಆ ಹಳೆಯ ಪ್ರಯೋಗಶೀಲನಿಗೆ ಗೊತ್ತಿತ್ತು.

ಆಮೇಲಿನ ಚರಿತ್ರೆ ಬೇಗ ಓಡುತ್ತದೆ. 1879ರಲ್ಲಿ ಕ್ಯಾಲಿಫೋರ್ನಿಯಾದ ಪೆಟಲೂಮ ಎಂಬ ಊರಿನಲ್ಲಿ ಲೈಮನ್ ಬೈಸ್ ಎಂಬಾತ ಕೆಲಸಕ್ಕೆ ಬರುವ ಇನ್‌ಕ್ಯುಬೇಟರ್ ತಯಾರಿಸಿದ. ಕೆಲವು ದಶಕಗಳಲ್ಲಿ ಆ ಊರು ಲೋಕದ ಮೊಟ್ಟೆ ಬುಟ್ಟಿ ಎಂದು ಹೆಸರಾಯಿತು. 1918ರಿಂದ ಅಮೆರಿಕದ ಅಂಚೆ ಇಲಾಖೆ ಒಂದು ದಿನದ ಮರಿಗಳನ್ನು ಪೊಟ್ಟಣದಲ್ಲಿ ಸಾಗಿಸಲು ಒಪ್ಪಿತು. ಅನ್ನ ನೀರಿಲ್ಲದೆ ಮರಿ ಹೇಗೆ ಬದುಕುತ್ತದೆ ಎಂದರೆ, ಮೊಟ್ಟೆಯಿಂದ ಹೊರಬರುವ ಮುನ್ನ ಅದು ಉಳಿದ ಹಳದಿ ಲೋಳೆಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ, ಎರಡು ಮೂರು ದಿನಕ್ಕೆ ಅದೇ ಬುತ್ತಿ. ಈ ಬುತ್ತಿ ಇರುವುದು ತಾಯಿಗಾಗಿ. ಎಲ್ಲ ಮೊಟ್ಟೆಗಳೂ ಒಂದೇ ಗಳಿಗೆಗೆ ಒಡೆಯುವುದಿಲ್ಲ. ಮೊದಲು ಬಂದ ಮರಿಗಳು ಹಸಿವಿನಿಂದ ತಾಯನ್ನು ಎಬ್ಬಿಸಿದರೆ ತಡವಾದವು ತಣ್ಣಗಾಗಿ ಸತ್ತುಹೋಗುತ್ತವೆ. ಅದಕ್ಕೇ ಅವು ತಾಯಿಯ ರೆಕ್ಕೆಯಡಿ ಸುಮ್ಮನೆ ಕಾದಿರಬಲ್ಲವು. ಲೋಕದ ಹ್ಯಾಚರಿ ಉದ್ಯಮವೆಲ್ಲ ನಿಂತಿರುವುದು, ತಮ್ಮ ತಂಗಿಯರಿಗಾಗಿ ಕಾಯಲೆಂದು ಮರಿಗೆ ಸಿಕ್ಕಿದ ಆ ಎರಡು ದಿನದ ಅವಕಾಶದ ಮೇಲೆ.

ಇನ್ನು ಇಪ್ಪತ್ತೆರಡನೆಯ ದಿನಕ್ಕೆ ಬರೋಣ.

ಮೊಟ್ಟೆಯಿಂದ ಬಂದ ಮರಿಗೆ ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ಹೀಗಾಗಿ ಹ್ಯಾಚರಿಯ ಮರಿಗಳಿಗೆ ಬ್ರೂಡರ್ ಬೇಕು. ಬಲ್ಬಿನ ಕೆಳಗೆ ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ರಾತ್ರಿ ಕರೆಂಟು ಹೋದರೆ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಬೆಳಿಗ್ಗೆ ಎದ್ದು ಆ ರಾಶಿಯನ್ನು ನೋಡಿದ ಮನೆಯವರಿಗೆ ಮತ್ತೊಮ್ಮೆ ಮರಿ ತರುವ ಧೈರ್ಯ ಬರುವುದು ಕಷ್ಟ. ತಾಯಿಕೋಳಿಗೆ ಕರೆಂಟಿನ ಹಂಗಿಲ್ಲ. ಚಳಿಯಾದ ಮರಿ ರೆಕ್ಕೆಯಡಿ ನುಗ್ಗುತ್ತದೆ, ಬೆಚ್ಚಗಾದದ್ದು ಹೊರಬರುತ್ತದೆ. ಒಂದೊಂದು ಮರಿಯೂ ತನಗೆ ಬೇಕಾದಷ್ಟೇ ಶಾಖ ಪಡೆಯುತ್ತದೆ.

ಶಾಖಕ್ಕಿಂತ ದೊಡ್ಡದು ಕಲಿಕೆ. ತಾಯಿ ಒಂದು ಗೆದ್ದಲನ್ನೋ ಕಾಳನ್ನೋ ಕಂಡರೆ ಬೇಗ ಬೇಗ ಸದ್ದು ಮಾಡುತ್ತ ಕೊಕ್ಕಿನಲ್ಲಿ ಎತ್ತಿ ಬೀಳಿಸಿ ತೋರಿಸುತ್ತದೆ, ಮರಿಗಳು ಓಡಿಬರುತ್ತವೆ. ಗಿಡುಗನ ನೆರಳು ಸುಳಿದರೆ ಅದರ ಕೂಗೇ ಬೇರೆ. ಆ ಕೂಗಿಗೆ ಮರಿಗಳು ಇದ್ದಲ್ಲೇ ಹುದುಗುತ್ತವೆ. ಈ ನಂಟು ಮೊಟ್ಟೆಯೊಳಗೇ ಶುರುವಾಗಿರುತ್ತದೆ. ಕೊನೆಯ ಎರಡು ಮೂರು ದಿನ ಚಿಪ್ಪಿನೊಳಗಿಂದ ಮರಿ ಚೀಂಗುಟ್ಟುತ್ತದೆ, ಹೊರಗಿನಿಂದ ತಾಯಿ ಮೆಲುದನಿಯಲ್ಲಿ ಉತ್ತರಿಸುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಮರಿಗಳ ಮೇಲೆ ಗಾಳಿ ಊದಿ ತುಸು ಗಾಬರಿಪಡಿಸಿದಾಗ ನೋಡುತ್ತ ನಿಂತ ತಾಯಿಯ ಎದೆಬಡಿತ ಏರಿತು, ಕಣ್ಣಿನ ಶಾಖ ಇಳಿಯಿತು. ತಾಯಿಯಡಿ ಬೆಳೆದ ಮರಿಗಳಲ್ಲಿ ಅಂಜಿಕೆ ಕಡಿಮೆ, ದೊಡ್ಡವಾದ ಮೇಲೆ ಒಂದರ ಗರಿಯನ್ನು ಇನ್ನೊಂದು ಕಿತ್ತು ಗಾಯ ಮಾಡುವ ಚಾಳಿಯೂ ಕಡಿಮೆ ಎಂದು ಯುರೋಪಿನ ಹಲವು ಅಧ್ಯಯನಗಳು ತೋರಿಸಿವೆ. ಫಾರಂಗಳಲ್ಲಿ ಆ ಚಾಳಿಯನ್ನು ತಡೆಯಲು ಕೊಕ್ಕಿನ ತುದಿಯನ್ನೇ ಸುಟ್ಟು ಕತ್ತರಿಸುತ್ತಾರೆ.

ಇನ್ನೂ ಒಂದು ಸಂಗತಿ ಇದೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕದ್ದು. ಹ್ಯಾಚರಿಯ ಮರಿ ಹುಟ್ಟುವುದು ತೊಳೆದು, ಹೊಗೆ ಹಾಕಿ, ಶುದ್ಧ ಮಾಡಿದ ಪೆಟ್ಟಿಗೆಯೊಳಗೆ. ದೊಡ್ಡ ಕೋಳಿಯ ಮುಖವನ್ನೇ ಅದು ಕಂಡಿರುವುದಿಲ್ಲ. 1971ರಲ್ಲಿ ಫಿನ್ಲೆಂಡಿನ ಮಾಂಸದ ಕೋಳಿಗಳಲ್ಲಿ ಸಾಲ್ಮೊನೆಲ್ಲ ರೋಗಾಣು ವಿಪರೀತ ಹರಡಿತು. ಅದರ ಜಾಡು ಹಿಡಿದ ನುರ್ಮಿ ಮತ್ತು ರಂಟಾಲ ಎಂಬ ವಿಜ್ಞಾನಿಗಳು, ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಸೂಕ್ಷ್ಮಜೀವಿಗಳನ್ನು ಎಳೆಮರಿಗಳಿಗೆ ಕುಡಿಸಿದರೆ ಸಾಲ್ಮೊನೆಲ್ಲ ಅವುಗಳ ಕರುಳಲ್ಲಿ ನೆಲೆಯೂರಲಾರದು ಎಂದು 1973ರಲ್ಲಿ ತೋರಿಸಿಕೊಟ್ಟರು. ಒಳ್ಳೆಯ ಜೀವಿಗಳು ಮೊದಲು ಬಂದು ಜಾಗ ಹಿಡಿದರೆ ಕೆಟ್ಟವಕ್ಕೆ ಎಡೆಯಿಲ್ಲ. ತಾಯಿಯ ಹಿಕ್ಕೆ ಬಿದ್ದ ಬುಟ್ಟಿಯಲ್ಲಿ ಕೆದಕಿ, ಅದು ಕೆದರಿದ ಮಣ್ಣಿನಲ್ಲಿ ಕುಕ್ಕಿ ತಿನ್ನುವ ಮರಿಗೆ ಈ ರಕ್ಷಣೆ ಮೊದಲ ದಿನವೇ ಸಿಗುತ್ತದೆ. ಹಳ್ಳಿಯ ಬುಟ್ಟಿಯನ್ನು ಕೊಳಕೆಂದು ಕಂಡವರು ಇದನ್ನು ಒಮ್ಮೆ ಯೋಚಿಸಬೇಕು.

ಹೀಗಿದ್ದೂ ಕೋಳಿ ಸಾಕಣೆಯ ಪಠ್ಯಗಳಲ್ಲಿ ಕಾವಿಗೆ ಕೂರುವುದು ಒಂದು ದುರಭ್ಯಾಸ ಎಂಬಂತೆ ನಮೂದಾಗಿದೆ. ಕಾರಣ ಸರಳ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲ. ಆದ್ದರಿಂದ ಕಾವಿಗೆ ಕೂರದ ಹೇಂಟೆಗಳನ್ನೇ ಆರಿಸಿ ತಲೆಮಾರಿನಿಂದ ತಲೆಮಾರಿಗೆ ಬೆಳೆಸಿದರು. ಬಿಳಿ ಲೆಗ್‌ಹಾರ್ನ್ ತಳಿಯಲ್ಲಿ ಆ ಗುಣ ಬಹುತೇಕ ಅಳಿಸಿಹೋಯಿತು. ಇವತ್ತು ಪಂಜರದ ಹೇಂಟೆ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಅದರ ಫಲವನ್ನು ನಾವೆಲ್ಲ ಉಂಡಿದ್ದೇವೆ. ಬಡವರ ಮನೆಯ ಮಗುವಿಗೂ ಶಾಲೆಯ ಊಟದಲ್ಲಿ ಮೊಟ್ಟೆ ಸಿಗುವಂತಾದದ್ದು ಈ ಕೋಳಿಯಿಂದ, ಇನ್‌ಕ್ಯುಬೇಟರ್‌ನಿಂದ. ಆ ಸಾಧನೆಯನ್ನು ಹಿಂದಕ್ಕೆ ತಿರುಗಿಸಬೇಕೆಂದು ನಾನು ಕೇಳುತ್ತಿಲ್ಲ. ಅದರ ಇನ್ನೊಂದು ಮುಖವನ್ನೂ ಮರೆಯಬಾರದು ಅಷ್ಟೇ. ಮೊಟ್ಟೆ ತಳಿಯ ಗಂಡುಮರಿಗಳಿಂದ ಮೊಟ್ಟೆಯೂ ಇಲ್ಲ, ಮಾಂಸವೂ ಗಿಟ್ಟುವುದಿಲ್ಲ ಎಂದು ಅವನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ನಮ್ಮಲ್ಲಿ ಕೆಲವನ್ನು ಗುಲಾಬಿ, ಹಸಿರು ಬಣ್ಣ ಬಳಿದು ಜಾತ್ರೆಯಲ್ಲಿ ಮಕ್ಕಳ ಕೈಗೆ ಮಾರುತ್ತಾರೆ. ಜರ್ಮನಿ 2022ರ ಜನವರಿಯಿಂದ ಈ ಕೊಲೆಯನ್ನು ಕಾನೂನಿನ ಮೂಲಕ ನಿಲ್ಲಿಸಿತು. ಹಿತ್ತಲಿನ ತಾಯಿಕೋಳಿಯ ಮರಿಗಳಲ್ಲಿ ಗಂಡು ಹುಟ್ಟಿದರೆ ಯಾರೂ ಅಳುವುದಿಲ್ಲ. ಹುಂಜಕ್ಕೆ ಹೇಂಟೆಗಿಂತ ಹೆಚ್ಚು ಬೆಲೆ.

ಪಂಜರದ ಕೋಳಿಗೆ ಸರಿಯಾದ ನಿಯಮವನ್ನು ಹಿತ್ತಲಿಗೂ ತಂದದ್ದು ನನ್ನ ನಿಜವಾದ ತಕರಾರು. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೂಪಿಸಿದ ಗಿರಿರಾಜ, ಆಮೇಲೆ ಪಶುವೈದ್ಯ ವಿಶ್ವವಿದ್ಯಾಲಯದಿಂದ 2005ರಲ್ಲಿ ಬಂದ ಸ್ವರ್ಣಧಾರ, ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ಇವೆಲ್ಲ ಒಳ್ಳೆಯ ಉದ್ದೇಶದಿಂದ ಹುಟ್ಟಿದ ತಳಿಗಳು. ಅಂಗಳದಲ್ಲಿ ಮೇಯುತ್ತವೆ, ಬಣ್ಣಬಣ್ಣದ ಗರಿ ಇದೆ, ಬೇಗ ತೂಕ ಬರುತ್ತದೆ. ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರುವತ್ತು ಮೊಟ್ಟೆ ಇಟ್ಟರೆ ಗಿರಿರಾಜ 130ರಿಂದ 150ರವರೆಗೆ ಇಡುತ್ತದೆ. ಆದರೆ ಇವು ಕಾವಿಗೆ ಕೂರುವುದು ಇಲ್ಲವೆನ್ನುವಷ್ಟು ಅಪರೂಪ. ಕೂರದಂತೆಯೇ ಆರಿಸಿದ ಕೋಳಿಗಳಿವು. ಜೊತೆಗೆ ಬೇರೆ ಬೇರೆ ಸಾಲುಗಳನ್ನು ಕೂಡಿಸಿ ಪಡೆದ ತಳಿಗಳಾದ್ದರಿಂದ ಇವುಗಳ ಮರಿಗಳಲ್ಲಿ ಮೊದಲಿನ ಗುಣ ಹಾಗೇ ಉಳಿಯುವುದಿಲ್ಲ. ಸಾಕಿದವಳು ಪ್ರತಿ ಸಲವೂ ಮರಿಗಾಗಿ ಇಲಾಖೆಯ ಮುಂದೆಯೋ ಹ್ಯಾಚರಿಯ ಮುಂದೆಯೋ ನಿಲ್ಲಬೇಕು.

ಮನೆಯ ಕಣಜದಿಂದ ಬಿತ್ತನೆ ಬೀಜ ತೆಗೆಯುತ್ತಿದ್ದ ರೈತ ಹೈಬ್ರಿಡ್ ಜೋಳಕ್ಕೆ ಬಂದ ಮೇಲೆ ವರ್ಷವರ್ಷವೂ ಬೀಜದಂಗಡಿಗೆ ಹೋಗಬೇಕಾಯಿತಲ್ಲ, ಇದೂ ಅದೇ. ಬೀಜದ ವಿಷಯದಲ್ಲಿ ಈ ಚರ್ಚೆ ನಾಡಿನಲ್ಲಿ ದೊಡ್ಡದಾಗಿ ನಡೆದಿದೆ. ಕೋಳಿಯ ವಿಷಯದಲ್ಲಿ ನಡೆದೇ ಇಲ್ಲ. ಬಹುಶಃ ಕೋಳಿ ಹೆಂಗಸರ ಸಣ್ಣ ದುಡ್ಡಿನ ಬಾಬತ್ತು ಎಂಬ ಕಾರಣಕ್ಕೆ. ಆ ಸಣ್ಣ ದುಡ್ಡಿನಲ್ಲೇ ಎಷ್ಟೋ ಮನೆಗಳ ಮಕ್ಕಳ ಪಟ್ಟಿ ಪುಸ್ತಕ, ಬಸ್ಸಿನ ಚಾರ್ಜು, ಹಬ್ಬದ ಎಣ್ಣೆ ಬೆಲ್ಲ ನಡೆಯುತ್ತದೆ. ಗಂಡನನ್ನು ಕೇಳದೆ ಖರ್ಚು ಮಾಡಬಹುದಾದ ಹಣ ಅದು. 2019ರ ಜಾನುವಾರು ಗಣತಿಯಲ್ಲಿ ದೇಶದ ಒಟ್ಟು 85 ಕೋಟಿ ಕೋಳಿಗಳಲ್ಲಿ ಹಿತ್ತಲ ಕೋಳಿಗಳೇ 31 ಕೋಟಿ ದಾಟಿದ್ದವು. ಹಿಂದಿನ ಗಣತಿಗಿಂತ ಶೇಕಡ 45ಕ್ಕೂ ಹೆಚ್ಚು ಏರಿಕೆ, ಫಾರಂ ಕೋಳಿಯ ಏರಿಕೆಗಿಂತ ಎಷ್ಟೋ ಪಟ್ಟು. ಇಷ್ಟು ದೊಡ್ಡ ಸಂಪತ್ತಿನ ಮರುಹುಟ್ಟು ಯಾರ ಕೈಯಲ್ಲಿರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಹಳ್ಳಿಯ ಹೆಂಗಸರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಗಿರಿರಾಜನ ಮೊಟ್ಟೆಯನ್ನು ನಾಟಿ ಹೇಂಟೆಯ ಅಡಿಯಲ್ಲಿಟ್ಟು ಮರಿ ಮಾಡಿಸುತ್ತಾರೆ. ಬಾತುಕೋಳಿಯ ಮೊಟ್ಟೆಗೆ ಇಪ್ಪತ್ತೆಂಟು ದಿನ ಬೇಕು, ಅದನ್ನೂ ಇದೇ ಕೋಳಿ ಬೇಸರಿಸದೆ ಕೂತು ಮುಗಿಸುತ್ತದೆ. ಜಾಣತನದ ಏರ್ಪಾಡು. ಆದರೆ ಇದು ನಡೆಯುವುದು ಮನೆಯಲ್ಲಿ ಕಾವಿಗೆ ಕೂರುವ ಒಂದು ನಾಟಿ ಹೇಂಟೆ ಉಳಿದಿರುವ ತನಕ. ಕಾವಿನ ಗುಣ ಒಂದೇ ಜೀನ್‌ನಲ್ಲಿ ಕೂತಿರುವಂಥದ್ದಲ್ಲ, ಹಲವು ಜೀನ್‌ಗಳು ಸೇರಿ ಆಗುವಂಥದ್ದು. ಹಂಚಿದ ಹುಂಜಗಳು ಊರಿನ ಹೇಂಟೆಗಳೊಡನೆ ಬೆರೆತು ಮೂರು ನಾಲ್ಕು ತಲೆಮಾರು ಕಳೆದರೆ ಅದು ಯಾರ ಗಮನಕ್ಕೂ ಬಾರದೆ ತೆಳುವಾಗುತ್ತದೆ. ಅರ್ಧ ಕಾವಿಗೆ ಎದ್ದುಹೋಗುವ ಕೋಳಿಗಳು ಹೆಚ್ಚುತ್ತವೆ. ಈಜಿಪ್ಟಿನ ಫಯೂಮಿ ತಳಿಯ ಹೇಂಟೆ ಸುಲಭಕ್ಕೆ ಕಾವಿಗೆ ಬರುವುದಿಲ್ಲ. ಸಾವಿರಾರು ವರ್ಷ ಒಲೆಗಳೇ ಮರಿ ಮಾಡಿಕೊಟ್ಟ ನಾಡಿನ ಕೋಳಿ ಅದು. ಇವೆರಡಕ್ಕೂ ನಂಟಿದೆ ಎಂದೇ ನನಗೆ ತೋರುತ್ತದೆ.

ಇಷ್ಟು ಹೇಳಿದ ಮೇಲೆ ಎದುರುವಾದವನ್ನೂ ಕೇಳಲೇಬೇಕು. ನಾಟಿ ಕೋಳಿ ಲಾಭವಿಲ್ಲದ ಕೋಳಿ, ವರ್ಷದಲ್ಲಿ ಮೂರು ಸಲ ಮೊಟ್ಟೆ ಇಟ್ಟು ಉಳಿದ ದಿನ ಮರಿ ಕಟ್ಟಿಕೊಂಡು ತಿರುಗುತ್ತದೆ, ಆ ಮರಿಗಳಲ್ಲೂ ಮುಕ್ಕಾಲು ಪಾಲು ಹದ್ದು, ಕಾಗೆ, ಮುಂಗುಸಿ, ಬೆಕ್ಕಿನ ಪಾಲು, ಮಿಕ್ಕದ್ದು ಕೊಕ್ಕರೆ ರೋಗದ ಪಾಲು ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಇದರಲ್ಲಿ ಕಾವಿನ ತಪ್ಪು ಎಷ್ಟು, ನಮ್ಮ ಉದಾಸೀನದ ತಪ್ಪು ಎಷ್ಟು ಎಂದು ಬಿಡಿಸಿ ನೋಡಬೇಕು.

ದಿನಗಳ ಲೆಕ್ಕ ಹಾಕಿ. ಹನ್ನೆರಡು ಮೊಟ್ಟೆ ಇಡಲು ಹದಿನಾರು ದಿನ, ಕಾವಿಗೆ ಇಪ್ಪತ್ತೊಂದು, ಮರಿಗಳ ಹಿಂದೆ ಎರಡೂವರೆ ತಿಂಗಳು. ಒಟ್ಟು ನೂರಹನ್ನೆರಡು ದಿನ, ವರ್ಷಕ್ಕೆ ಮೂರು ಸುತ್ತು. ಇದರಲ್ಲಿ ಕಾವಿನ ಪಾಲು ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಹೆಚ್ಚು ದಿನ ತಿನ್ನುವುದು ಮರಿಗಳ ಹಿಂದಿನ ಓಡಾಟ. ಮರಿಗಳಿಗೆ ತಾಯಿಯ ಶಾಖ ಬೇಕಾಗುವುದು ಮೂರು ನಾಲ್ಕು ವಾರ. ಆಮೇಲೆ ಅವನ್ನು ಬೇರೆ ಮಾಡಿ ಒಂದು ಬಿದಿರಿನ ಪಂಜರದಡಿ ಮೇವು ಕೊಟ್ಟು ಸಾಕಿದರೆ ತಾಯಿ ಹತ್ತು ದಿನ ಸುಧಾರಿಸಿಕೊಂಡು ಮತ್ತೆ ಮೊಟ್ಟೆಗೆ ಬರುತ್ತದೆ. ಆಗ ಸುತ್ತು ಎಪ್ಪತ್ತೈದು ದಿನಕ್ಕೆ ಇಳಿದು ವರ್ಷಕ್ಕೆ ಐದರ ಹತ್ತಿರ ಬರುತ್ತದೆ. ತಳಿ ಬದಲಾಯಿಸದೆ, ಒಂದು ರೂಪಾಯಿಯ ಯಂತ್ರ ಕೊಳ್ಳದೆ ಸಿಗುವ ಹೆಚ್ಚಳ ಇದು. ಇದನ್ನು ಹೇಳಿಕೊಡುವ ತರಬೇತಿ ಎಷ್ಟು ಊರಿನಲ್ಲಿ ನಡೆದಿದೆ?

ಬಾಂಗ್ಲಾದೇಶದವರು ಕಾವಿನ ಕೋಳಿಗಾಗಿಯೇ ಹಾಜೋಲ್ ಎಂಬ ಮಣ್ಣಿನ ಗೂಡನ್ನು ಬಳಕೆಗೆ ತಂದರು. ಅಗಲ ಬಾಯಿಯ ಬಾನಿಯಂಥ ಗೂಡು, ಅದರ ಅಂಚಿಗೇ ಅಂಟಿಸಿದ ಎರಡು ಬಟ್ಟಲು, ಒಂದರಲ್ಲಿ ಕಾಳು, ಇನ್ನೊಂದರಲ್ಲಿ ನೀರು. ಕೋಳಿ ಎದ್ದುಹೋಗಬೇಕಾಗಿಲ್ಲ, ಮೊಟ್ಟೆ ತಣ್ಣಗಾಗುವುದಿಲ್ಲ, ತಾಯಿಯ ಮೈ ಇಳಿಯುವುದಿಲ್ಲ, ಮರಿ ಒಡೆದ ಮೇಲೆ ಬೇಗ ಮೊಟ್ಟೆಗೆ ಮರಳುತ್ತದೆ. ಅದೇ ದೇಶದಲ್ಲಿ ಭತ್ತದ ಹೊಟ್ಟು ತುಂಬಿ ಮೊಟ್ಟೆಗೆ ಕಾವು ಕೊಡುವ ಕಿರು ಹ್ಯಾಚರಿಗಳನ್ನೂ ನಡೆಸಿದರು. ಕೋಳಿಯೋ ಯಂತ್ರವೋ ಎಂದು ಒಂದನ್ನೇ ಹಿಡಿಯದೆ ಎರಡನ್ನೂ ಹಳ್ಳಿಯ ಕೈಗೆ ನಿಲುಕುವಂತೆ ಮಾಡಿದ್ದು ನನಗೆ ಮೆಚ್ಚುಗೆಯಾದದ್ದು. ನಮ್ಮ ಕುಂಬಾರರಿಗೆ ಹಾಜೋಲ್ ಮಾಡುವುದು ಎಷ್ಟರ ಕೆಲಸ?

ಮೊಟ್ಟೆ ಕೆಡುವುದರಲ್ಲೂ ಕೋಳಿಯ ತಪ್ಪು ಕಡಿಮೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹದಿನೈದು ದಿನ ಕೂಡಿಟ್ಟ ಮೊಟ್ಟೆ ಕಾವಿಗೆ ಹೋಗುವ ಮೊದಲೇ ಅರೆಬರೆ ಬೆಳೆದು ಸತ್ತಿರುತ್ತದೆ. ಮೊಟ್ಟೆಯನ್ನು ರಾಗಿಯ ಡಬ್ಬದಲ್ಲೋ ಒದ್ದೆ ಮರಳಿನ ಮೇಲಿಟ್ಟ ಗಡಿಗೆಯಲ್ಲೋ ತಂಪಾಗಿಟ್ಟು, ಒಂದು ವಾರದೊಳಗಿನವನ್ನೇ ಆರಿಸಿ ಕಾವಿಗೆ ಇಟ್ಟರೆ ಫಲ ಬೇರೆಯಾಗುತ್ತದೆ. ಏಳನೆಯ ರಾತ್ರಿ ಬ್ಯಾಟರಿ ಬೆಳಕಿಗೆ ಹಿಡಿದು ನೋಡಿದರೆ ಕೆಂಪು ನರಗಳ ಬಲೆ ಕಾಣದ ಮೊಟ್ಟೆ ಬಂಜೆ. ಅದನ್ನು ತೆಗೆದುಬಿಡಬಹುದು. ಅಂಗಡಿಯಿಂದ ತಂದ ಬಿಳಿ ಮೊಟ್ಟೆಯನ್ನು ಮಾತ್ರ ಇಡಬಾರದು. ಪಂಜರದಲ್ಲಿ ಹುಂಜವೇ ಇಲ್ಲದ್ದರಿಂದ ಅದರಲ್ಲಿ ಜೀವವಿರುವುದಿಲ್ಲ.

ಇನ್ನು ಸಾವಿನ ವಿಷಯ. ಹದ್ದು ಮುಂಗುಸಿಗೆ ಮೊದಲ ಮೂರು ವಾರ ಪಂಜರವೇ ಮದ್ದು. ಕೊಕ್ಕರೆ ರೋಗಕ್ಕೆ ಮದ್ದಿಲ್ಲ, ಲಸಿಕೆ ಇದೆ. ವಾರ ತುಂಬುವುದರೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ಎರಡು ತಿಂಗಳ ಹೊತ್ತಿಗೆ ಒಂದು ಚುಚ್ಚುಮದ್ದು. ತೊಡಕು ಇರುವುದು ಶೀಶೆಯ ಅಳತೆಯಲ್ಲಿ. ಲಸಿಕೆಯ ಒಂದು ಶೀಶೆ ನೂರಾರು ಕೋಳಿಗಾಗುವಷ್ಟು ಇರುತ್ತದೆ, ಕದಡಿದ ಮೇಲೆ ಕೆಲವೇ ಗಂಟೆ ಬಾಳುತ್ತದೆ, ಮಂಜುಗಡ್ಡೆಯಲ್ಲೇ ತರಬೇಕು. ಹತ್ತು ಮರಿ ಇರುವವಳಿಗೆ ಅದನ್ನು ಯಾರು ತಂದುಕೊಟ್ಟಾರು? ಇಲ್ಲಿ ಕಾವಿನ ಗುಣವೇ ನೆರವಿಗೆ ಬರುತ್ತದೆ. ಕಾವಿಗೆ ಬಂದ ಹೇಂಟೆಯನ್ನು ಒಂದೆರಡು ಸುಳ್ಳು ಮೊಟ್ಟೆ ಇಟ್ಟು ಕೆಲವು ದಿನ ಕಾಯಿಸಬಹುದು. ಹಾಗೆ ಬೀದಿಯ ಹತ್ತು ಮನೆಯ ಕೋಳಿಗಳನ್ನು ಒಂದೇ ದಿನ ಕೂರಿಸಿದರೆ ನೂರು ಮರಿ ಒಟ್ಟಿಗೆ ಒಡೆಯುತ್ತವೆ, ಒಂದು ಶೀಶೆ ತೆರೆದದ್ದು ಸಾರ್ಥಕವಾಗುತ್ತದೆ. ಸ್ತ್ರೀಶಕ್ತಿ ಸಂಘಗಳಿಗೆ ಇದು ಹೊರೆಯಾಗುವ ಕೆಲಸವಲ್ಲ. ಬಿಸಿಲಿಗೆ ಅಷ್ಟು ಬೇಗ ಕೆಡದ ಐ-2 ಎಂಬ ಲಸಿಕೆಯನ್ನು ಹಳ್ಳಿಯ ಕೋಳಿಗಳಿಗೆಂದೇ ಆಸ್ಟ್ರೇಲಿಯಾದಲ್ಲಿ ರೂಪಿಸಿದ್ದಾರೆ. ಆಫ್ರಿಕಾದ ಹಳ್ಳಿಗಳಲ್ಲಿ ಅದು ಕೆಲಸ ಮಾಡಿದೆ. ಈ ಲಸಿಕೆಗಳ ವೈರಸ್ಸನ್ನು ಬೆಳೆಸುವುದು ಇನ್‌ಕ್ಯುಬೇಟರ್‌ನಲ್ಲಿ ಕಾವಿಟ್ಟ ಮೊಟ್ಟೆಗಳೊಳಗೆ. ತಾಯಿಕೋಳಿಯ ಮರಿಯನ್ನು ಕಾಯುವ ಹನಿ ಯಂತ್ರದ ಕಾವಿನಿಂದ ಬರುತ್ತದೆ. ನಾನು ಯಂತ್ರದ ವಿರೋಧಿ ಏಕೆ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಯಂತ್ರ ಮತ್ತು ತಾಯಿ ಕೂಡಿ ದುಡಿಯುವ ದಾರಿಯೂ ಇದೆ. ಒಂದು ದಿನದ ಮರಿಗಳನ್ನು ಹ್ಯಾಚರಿಯಿಂದ ತಂದು, ಎರಡು ಮೂರು ವಾರ ಕಾವು ಕೂತಿರುವ ಹೇಂಟೆಯ ಅಡಿಗೆ ರಾತ್ರಿ ಕತ್ತಲಲ್ಲಿ ಒಂದೊಂದಾಗಿ ಸೇರಿಸಿ ಮೊಟ್ಟೆಗಳನ್ನು ತೆಗೆದುಬಿಟ್ಟರೆ, ಬೆಳಗಿನ ಹೊತ್ತಿಗೆ ಅವು ಅದರ ಮರಿಗಳೇ. ಹ್ಯಾಚರಿಯ ಎಣಿಕೆ, ತಾಯಿಯ ಪಾಲನೆ ಎರಡೂ ಸಿಗುತ್ತವೆ. ಸರ್ಕಾರದ ಯೋಜನೆಯಲ್ಲಿ ಮರಿಗಳನ್ನು ನಾಲ್ಕು ವಾರ ಬಲ್ಬಿನಡಿ ಸಾಕಿ ಹಂಚುವ ಕೇಂದ್ರಗಳಿಗೆ ಖರ್ಚಾಗುವ ಹಣದಲ್ಲಿ ಒಂದು ಪಾಲನ್ನು ಈ ಬಗೆಗೂ ಇಟ್ಟು ನೋಡಬಾರದೇಕೆ?

ಮುಖ್ಯವಾಗಿ ಬದಲಾಗಬೇಕಾದದ್ದು ತಳಿಯನ್ನು ಅಳೆಯುವ ಕೋಲು. ಇವತ್ತು ಹಿತ್ತಲ ತಳಿಯನ್ನು ವರ್ಷದ ಮೊಟ್ಟೆ ಎಷ್ಟು, ಎಂಟು ವಾರದ ತೂಕ ಎಷ್ಟು ಎಂದು ಅಳೆಯುತ್ತಾರೆ. ಅದರ ಜೊತೆಗೆ ಇನ್ನೊಂದು ಅಳತೆ ಬರಬೇಕು. ಹಳ್ಳಿಯ ಮನೆಯಲ್ಲಿ, ಹೊರಗಿನ ಮರಿ ಕೊಳ್ಳದೆ, ಒಂದು ಹೇಂಟೆ ವರ್ಷದ ಕೊನೆಗೆ ಮೂರು ತಿಂಗಳು ದಾಟಿದ ಎಷ್ಟು ಕೋಳಿಗಳನ್ನು ಉಳಿಸಿಕೊಟ್ಟಿತು? ಆಂಧ್ರದಲ್ಲೂ ಅದಕ್ಕೆ ತಾಗಿದ ನಮ್ಮ ಕೋಲಾರದ ಕಡೆಯಲ್ಲೂ ಇರುವ ಘಾಗಸ್ ಕೋಳಿಯನ್ನು ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ದೇಶಿ ತಳಿಯೆಂದು ನೋಂದಾಯಿಸಿದೆ. ಚೆನ್ನಾಗಿ ಕಾವು ಕೂತು ಹೆಚ್ಚು ಮರಿ ಉಳಿಸುವ ಹೇಂಟೆಗಳನ್ನು ಇಂಥ ಹಿಂಡುಗಳಿಂದಲೇ ಆರಿಸಿ, ಮೊಟ್ಟೆಯ ಎಣಿಕೆಯನ್ನು ಹದವಾಗಿ ಹೆಚ್ಚಿಸುತ್ತ ಬಂದರೆ, ತಾನೇ ಮರಿ ಮಾಡುವ ಸುಧಾರಿತ ನಾಟಿ ಕೋಳಿ ಹತ್ತಾರು ವರ್ಷಗಳಲ್ಲಿ ಸಿದ್ಧವಾಗಬಹುದು. ಹೆಬ್ಬಾಳಕ್ಕೂ ಹೈದರಾಬಾದಿಗೂ ಆ ವಿದ್ಯೆ, ಆ ಹಿಂಡು, ಆ ತಾಳ್ಮೆ ಮೂರೂ ಇವೆ. ಗಿರಿರಾಜನನ್ನು ಕೊಟ್ಟವರು ಇದನ್ನೂ ಕೊಡಬಲ್ಲರು. ಕೊಡುವ ತನಕ, ಹಿತ್ತಲ ಯೋಜನೆಯಲ್ಲಿ ಮರಿ ಪಡೆಯುವ ಪ್ರತಿ ಮನೆಗೂ ಕಾವಿಗೆ ಕೂರುವ ಎರಡು ನಾಟಿ ಹೇಂಟೆಗಳನ್ನು ಜೊತೆಗೆ ಕೊಡಲಿ.